ಸ್ಲೈಡ್ ಹಾಕಿ ಪಾಠ ಮಾಡುವವರು ಸ್ವಲ್ಪ ಅನುಭವ ಹೇಳಿ

ಪ್ರಶ್ನೆ: ಈ ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಎಲ್ಲವೂ ಸ್ಲೈಡ್‌ನಲ್ಲೇ. ಬರೆಯುವ ಸಮಯ ಉಳಿಯುತ್ತದೆ, ಆದರೆ ಅರ್ಧ ಗಂಟೆಗೇ ಮಕ್ಕಳ ಕಣ್ಣು ಎಳೆಯುತ್ತಿರುತ್ತದೆ. ಬೋರ್ಡಿಗೇ ವಾಪಸ್ ಹೋಗಲಾ?

ಗಣಿತದ ಮೇಷ್ಟ್ರು: ನಾನೂ ಒಂದು ವರ್ಷ ಲೆಕ್ಕದ ಹಂತಗಳನ್ನೆಲ್ಲ ಸ್ಲೈಡಿಗೆ ತುಂಬಿದ್ದೆ. ಬಟನ್ ಒತ್ತಿದರೆ ಮುಂದಿನ ಹಂತ. 40 ನಿಮಿಷದ ಪಾಠ 20ಕ್ಕೇ ಮುಗಿಯಿತು, ಖುಷಿಯೋ ಖುಷಿ. ಮರುದಿನ ಅದೇ ಲೆಕ್ಕ ಕೊಟ್ಟರೆ ಎಲ್ಲರೂ ಪೆನ್ನು ಕಚ್ಚಿಕೊಂಡು ಕೂತರು. ಚಾಕ್‌ಪೀಸ್ ಹಿಡಿದಾಗ ನನ್ನ ಕೈಯೂ ನಿಧಾನ, ಅವರ ಕೈಯೂ ನಿಧಾನ. ಅದೇ ಒಳ್ಳೆಯದು. ಇನ್ನೊಂದು ವಿಷಯ, ಬೋರ್ಡಿನ ಮೊದಲ ಸಾಲು ಕೊನೆಯವರೆಗೂ ಕಣ್ಣೆದುರೇ ಇರುತ್ತದೆ. ಸ್ಲೈಡ್ ಬದಲಾದರೆ ಹೋಯಿತು, ‘ಸಾರ್, ಹಿಂದಿಂದು ತೋರ್ಸಿ’ ಶುರು. ಈಗ ಪ್ರಶ್ನೆ ಮಾತ್ರ ಪರದೆ ಮೇಲೆ, ಬಿಡಿಸುವುದು ಬೋರ್ಡಿನಲ್ಲಿ.

ಜೀವಶಾಸ್ತ್ರದ ಮೇಡಂ: ಲೆಕ್ಕಕ್ಕೆ ಅದು ಸರಿ. ನಮಗೆ ಸ್ಲೈಡ್ ಬೇಕೇ ಬೇಕು. ಕೋಶ ವಿಭಜನೆಗೆ ನಾನು ಬೋರ್ಡಿನಲ್ಲಿ ಒಂದೇ ಕೋಶದ ನಾಲ್ಕು ಹಂತ ತೋರಿಸಲು ನಾಲ್ಕು ಗುಂಡು ಬರೆಯುತ್ತಿದ್ದೆ. ಕೆಲವರು ಅವನ್ನು ನಾಲ್ಕು ಬೇರೆ ಬೇರೆ ಕೋಶ ಅಂದುಕೊಂಡಿದ್ದರು! ವರ್ಣತಂತುಗಳು (ಕೋಶದೊಳಗೆ ವಂಶಗುಣ ಹೊತ್ತ ಎಳೆಗಳು) ನಡುವೆ ಸಾಲಾಗಿ ನಿಂತು ಎರಡು ಕಡೆಗೆ ಸರಿಯುವ ವಿಡಿಯೋ ಹಾಕಿದ ಮೇಲೆ ಗೊಂದಲ ಹೋಯಿತು. ಆದರೆ ಪರೀಕ್ಷೆಯಲ್ಲಿ ಚಿತ್ರ ಅವರೇ ಬರೆಯಬೇಕಲ್ವಾ? ಅದಕ್ಕೆ ವಿಡಿಯೋ ಮುಗಿದ ತಕ್ಷಣ ಬೋರ್ಡಿನಲ್ಲಿ ಜೊತೆಗೇ ಬರೆಸುತ್ತೇನೆ.

ಶಿಕ್ಷಕರ ತರಬೇತಿಯಲ್ಲಿರುವವರು: ಪರದೆ ಮೇಲಿರುವುದನ್ನೇ ಸುಮ್ನೆ ಓದಿ ಹೇಳಬೇಡಿ, ನಿದ್ದೆಗೆ ಅದೇ ಮದ್ದು. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳಲ್ಲಿ ಕಂಡಿದ್ದೂ ಇದೇ: ಚಿತ್ರದ ಜೊತೆ ಮಾತಿದ್ದರೆ ಚೆನ್ನಾಗಿ ತಲೆಗೆ ಹೋಗುತ್ತದೆ, ಅದೇ ಮಾತನ್ನು ಅಕ್ಷರದಲ್ಲೂ ತುಂಬಿದರೆ ಕಲಿಕೆ ಕುಗ್ಗುತ್ತದೆ. ಕಣ್ಣು ಚಿತ್ರ ನೋಡಬೇಕೋ, ಓದಬೇಕೋ? ಕಿವಿ ಮಂದ ಇರುವವರಿಗೆ, ಪಾಠದ ಭಾಷೆ ಹೊಸದಾಗಿರುವವರಿಗೆ ಮಾತ್ರ ಅಕ್ಷರ ಬೇಕಾಗುತ್ತದೆ. 1987ರಲ್ಲಿ ಪವರ್‌ಪಾಯಿಂಟ್ ಬಂದಾಗ ಅದನ್ನು ಮಾಡಿದ್ದು ಕಂಪನಿ ಮೀಟಿಂಗ್‌ಗಳಿಗೆ, ತರಗತಿಗಲ್ಲ. ಅಂದಹಾಗೆ, ಸ್ಲೈಡ್ ಓಡುತ್ತಿರುವಾಗ ‘ಬಿ’ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ. ಪ್ರಶ್ನೆ ಕೇಳುವಾಗ ಒತ್ತಿ, ಎಲ್ಲರ ಮುಖ ನಿಮ್ಮ ಕಡೆ ತಿರುಗುತ್ತದೆ.

ಇತ್ತೀಚೆಗೆ ಕಾಲೇಜು ಮುಗಿಸಿದವನು: ವಿದ್ಯಾರ್ಥಿಗಳ ಕಡೆಯಿಂದ ಒಂದು ಮಾತು. ‘ಫೈಲ್ ಕಳಿಸುತ್ತೇನೆ’ ಅಂದ ಕೂಡಲೇ ನಾವು ಪೆನ್ನಿಗೆ ಕ್ಯಾಪ್ ಹಾಕುತ್ತಿದ್ದೆವು. ರಜೆ ಹಾಕಿದವರಿಗೆ ಅನುಕೂಲ, ನಿಜ. ಒಬ್ಬ ಮೇಷ್ಟ್ರು ಮಾತ್ರ ಫೈಲಿನಲ್ಲಿ ಮುಖ್ಯ ಪದಗಳ ಜಾಗ ಖಾಲಿ ಬಿಟ್ಟು ಕಳಿಸುತ್ತಿದ್ದರು. ಆಗ ಬೈದುಕೊಂಡಿದ್ದೇ ಜಾಸ್ತಿ. ಆದರೆ ಅವರ ಕ್ಲಾಸಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ.