ಅಪ್‌ಡೇಟ್: ಮೆತ್ತಗಾಗುತ್ತಿದ್ದ ಬ್ರೇಕ್ ಪೆಡಲ್

ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ನನ್ನ ಹಳೆಯ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ, ಪ್ಯಾಡ್ ಬದಲಿಸಲೇ ಎಂದು ಕೇಳಿದ್ದೆ. ‘ಮೊದಲು ಬ್ರೇಕ್ ಆಯಿಲ್ ನೋಡಿ’ ಎಂದವರೇ ಗೆದ್ದಿರಿ.

ಹೊರತೆಗೆದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು! ಮೂರು ವರ್ಷದಿಂದ ಬದಲಿಸಿರಲಿಲ್ಲ, ತಪ್ಪು ನನ್ನದೇ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಹಳೆಯದಾಗುತ್ತಾ ಗಾಳಿಯ ತೇವ ಹೀರಿಕೊಂಡದ್ದು 155ರ ಆಸುಪಾಸಿನಲ್ಲೇ ಕುದಿಯಬಹುದು. ಆಗ ಕಾಲು ಒತ್ತುವುದು ಆಯಿಲನ್ನಲ್ಲ, ಆವಿಯ ಗುಳ್ಳೆಗಳನ್ನು.

ಹೊಸ ಆಯಿಲ್ ತುಂಬಿಸಿ ಈ ಶನಿವಾರ ಎಂಟು ಸುತ್ತು ಹಾಕಿದರೂ ಪೆಡಲ್ ಗಟ್ಟಿಯಾಗಿಯೇ ಇತ್ತು. ಪ್ಯಾಡ್ ಹಳೆಯದೇ. ಭಾನುವಾರದ ರೇಸಿನಲ್ಲಿ ಹದಿನಾಲ್ವರಲ್ಲಿ ಹನ್ನೊಂದನೆಯವನಾದೆ. ಬ್ರೇಕಿನ ಮೇಲೆ ಅತಿ ನಂಬಿಕೆ ಬಂದು ಒಮ್ಮೆ ಗಿರಗಿರನೆ ತಿರುಗಿ ಹುಲ್ಲಿನಲ್ಲಿ ನಿಂತದ್ದೂ ಆಯಿತು. ಬಂಪರಿನಲ್ಲಿ ಸಿಕ್ಕ ಹುಲ್ಲನ್ನು ಬೆಂಗಳೂರಿಗೆ ಬಂದ ಮೇಲೆ ಮಗಳು ಕಿತ್ತಳು.