ಫಿಲೀಸ್ ಮೈದಾನದ ಹೊರಗೆ ಕಾನಿ ಮ್ಯಾಕ್ ಪ್ರತಿಮೆ ಯಾಕಿದೆ?

ಫಿಲ್ಲಿ_ಕನ್ನಡಿಗ:
ನಾವು ಫಿಲಡೆಲ್ಫಿಯಾಗೆ ಬಂದು ಎರಡು ವರ್ಷ ಆಯಿತು, ಬೇಸ್‌ಬಾಲ್ ಈಗೀಗ ಅರ್ಥ ಆಗುತ್ತಿದೆ. ಹೋದ ಶನಿವಾರ ಮಗಳ ಜೊತೆ ಇಲ್ಲಿನ ಫಿಲೀಸ್ ತಂಡದ ಮೈದಾನ ಸಿಟಿಜನ್ಸ್ ಬ್ಯಾಂಕ್ ಪಾರ್ಕ್‌ಗೆ ಹೋಗಿದ್ದೆ. ಹೊರಗೆ ಸೂಟು ತೊಟ್ಟ, ಕೈಯಲ್ಲಿ ಸ್ಕೋರ್‌ಕಾರ್ಡ್ ಹಿಡಿದ ವಯಸ್ಸಾದವರ ಪ್ರತಿಮೆ ಇದೆ. ಕಾನಿ ಮ್ಯಾಕ್. ಆದರೆ ಇವರು ಫಿಲೀಸ್ ತಂಡದವರೇ ಅಲ್ಲ, ಅಥ್ಲೆಟಿಕ್ಸ್ ಅನ್ನುವ ತಂಡದ ಮ್ಯಾನೇಜರ್ (ಪಂದ್ಯದಲ್ಲಿ ತಂಡ ನಡೆಸುವವರು), ಆ ತಂಡ ಈಗ ಈ ಊರಲ್ಲೇ ಇಲ್ಲ! ಒಟ್ಟು 3,731 ಪಂದ್ಯ ಗೆದ್ದು 3,948 ಸೋತಿದ್ದಾರೆ. ಸೋತಿದ್ದೇ ಜಾಸ್ತಿ. ಹಾಗಿದ್ದೂ ಒಂದೇ ತಂಡದಲ್ಲಿ 50 ಸೀಸನ್ ಉಳಿದಿದ್ದು ಹೇಗೆ? ಮಗಳ ಪ್ರಶ್ನೆ ಬೇರೆ: ಉಳಿದ ಮ್ಯಾನೇಜರ್‌ಗಳು ಆಟಗಾರರ ಹಾಗೆ ಯೂನಿಫಾರ್ಮ್ ಹಾಕುತ್ತಾರಲ್ಲ, ಇವರಿಗ್ಯಾಕೆ ಸೂಟು?

ಹಳೇ_ಸ್ಕೋರ್‌ಬುಕ್:
ಮೊದಲು ಮಗಳ ಪ್ರಶ್ನೆ. ಶುರುವಿನ ಕಾಲದಲ್ಲಿ ಮ್ಯಾನೇಜರ್ ಅಂದರೆ ಬಹಳ ಕಡೆ ದುಡ್ಡು, ಪ್ರಯಾಣ ನೋಡಿಕೊಳ್ಳುವವರು, ಅವರು ಮಾಮೂಲಿ ಬಟ್ಟೆಯಲ್ಲೇ ಇರುತ್ತಿದ್ದರು. ಇನ್ನು ಕೆಲವರು ತಾವೇ ಆಡಿಕೊಂಡು ತಂಡವನ್ನೂ ನಡೆಸುತ್ತಿದ್ದರು, ಯೂನಿಫಾರ್ಮ್ ಪದ್ಧತಿ ಅವರಿಂದ ಉಳಿದುಕೊಂಡಿತು. ಮ್ಯಾಕ್ ಕೂಡ ಮೊದಲು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಆಟಗಾರ) ಆಗಿದ್ದವರೇ. ಆಟ ಬಿಟ್ಟ ಮೇಲೆ ಸೂಟಿನಲ್ಲಿ ಡಗ್‌ಔಟ್‌ನಲ್ಲಿ (ಮೈದಾನದ ಪಕ್ಕ ತಂಡ ಕೂರುವ ಜಾಗ) ಕೂತು, ಸ್ಕೋರ್‌ಕಾರ್ಡ್ ಆಡಿಸಿ ಫೀಲ್ಡರ್‌ಗಳನ್ನು ಆಚೀಚೆ ಸರಿಸುತ್ತಿದ್ದರು.

50 ಸೀಸನ್ ಗುಟ್ಟು ಸರಳ. 1901ರಲ್ಲಿ ತಂಡ ಶುರುವಾದಾಗಲೇ ಅವರಿಗೆ ಕಾಲು ಪಾಲಿತ್ತು, ಬರುಬರುತ್ತಾ ಅದು ಇನ್ನೂ ದೊಡ್ಡದಾಯಿತು. ಮಾಲೀಕರನ್ನು ಕೆಲಸದಿಂದ ತೆಗೆಯುವವರು ಯಾರು?

ಏಳನೇ_ಇನ್ನಿಂಗ್ಸ್:
ಪಾಲಿದ್ದದ್ದು ನಿಜ, ಆದರೆ ಅದೊಂದೇ ಕಾರಣ ಅಂದರೆ ನಾನು ಒಪ್ಪಲ್ಲ ಸರ್. 1910, 1911, 1913, 1929, 1930, ಐದು ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಚಾಂಪಿಯನ್‌ಶಿಪ್) ಗೆದ್ದವರು! 1929ರದ್ದು ಕೇಳಿ. ಗ್ರೋವ್, ಅರ್ನ್‌ಶಾ ಅಂಥ ಒಳ್ಳೆಯ ಪಿಚರ್‌ಗಳು (ಬ್ಯಾಟರ್‌ಗೆ ಚೆಂಡು ಎಸೆಯುವವರು) ಇದ್ದರೂ ಮೊದಲ ಪಂದ್ಯಕ್ಕೆ 35 ವರ್ಷದ ಹವರ್ಡ್ ಎಮ್ಕಿಯನ್ನು ಇಳಿಸಿದರು. ಆ ಸೀಸನ್‌ನಲ್ಲಿ ಎಮ್ಕಿ ಆಡಿದ್ದೇ ಕಡಿಮೆ. ಸೀರೀಸ್‌ಗೆ ಮುಂಚೆ ಎಮ್ಕಿಯನ್ನು ಮ್ಯಾಕ್ ತಂಡದ ಜೊತೆ ಇರಿಸಿಕೊಳ್ಳದೆ, ಹೋಗಿ ಎದುರಾಳಿ ಷಿಕಾಗೋ ಕಬ್ಸ್ ಬ್ಯಾಟರ್‌ಗಳನ್ನು ನೋಡಿಕೊಂಡು ಬಾ ಅಂತ ಕಳಿಸಿದ್ದರು. ಎಮ್ಕಿ 13 ಸಲ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದರು, ಆಗಿನ ವರ್ಲ್ಡ್ ಸೀರೀಸ್ ದಾಖಲೆ ಅದು. ನಾಲ್ಕನೇ ಪಂದ್ಯದಲ್ಲಿ 0-8 ಹಿಂದಿದ್ದು, ಏಳನೇ ಇನ್ನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಒಂಬತ್ತು ಇರುತ್ತವೆ) ಒಂದರಲ್ಲೇ 10 ರನ್ ಹೊಡೆದು ಗೆದ್ದರು. ನನ್ನ ಹೆಸರು ಅಲ್ಲಿಂದಲೇ ಬಂದಿದ್ದು.

ಹಳೇ_ಸ್ಕೋರ್‌ಬುಕ್:
ಎಮ್ಕಿ ವಿಷಯಕ್ಕೆ ಕೈ ಮುಗಿದೆ. ಆದರೆ ಅಂಥ ತಂಡವನ್ನು ಬಿಚ್ಚಿ ಮಾರಿದವರೂ ಅವರೇ ಅಲ್ವಾ, ಅದೂ ಎರಡು ಸಲ. 1914ರ ಸೀರೀಸ್‌ನಲ್ಲಿ ಬೋಸ್ಟನ್ ಬ್ರೇವ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತರು, ಪೈಪೋಟಿಗೆ ಹುಟ್ಟಿದ ಹೊಸ ಫೆಡರಲ್ ಲೀಗ್ ಆಟಗಾರರಿಗೆ ಜಾಸ್ತಿ ಸಂಬಳದ ಆಸೆ ತೋರಿಸುತ್ತಿತ್ತು. ತಂಡದ ಸ್ಟಾರ್ ಎಡ್ಡಿ ಕಾಲಿನ್ಸ್‌ರನ್ನು 50,000 ಡಾಲರ್‌ಗೆ ಮಾರಿದರು. ಆಮೇಲೆ 1915ರಿಂದ 1921ರವರೆಗೆ ಪ್ರತಿ ವರ್ಷ ಕೊನೇ ಸ್ಥಾನ! 1916ರಲ್ಲಂತೂ 36 ಗೆಲುವು, 117 ಸೋಲು. 30ರ ದಶಕದ ಆರ್ಥಿಕ ಕುಸಿತದಲ್ಲಿ ಸಿಮನ್ಸ್, ಕೊಕ್ರೇನ್, ಗ್ರೋವ್, ಫಾಕ್ಸ್, ಈ ಸ್ಟಾರ್ ಆಟಗಾರರೆಲ್ಲ ಮಾರಾಟವಾಗಿ ಹೋದರು. ಸಾಲ ಇತ್ತು, ಬೇರೆ ದಾರಿ ಇರಲಿಲ್ಲ, ಅದು ಗೊತ್ತು. ಆದರೆ 87ನೇ ವಯಸ್ಸಿನವರೆಗೆ, 1950ರ ತನಕ ಕುರ್ಚಿ ಬಿಡದೇ ಇದ್ದದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಟಿಕೆಟ್ ಕೊಂಡು ಬರುತ್ತಿದ್ದ ಜನರಿಗೆ ಅನ್ಯಾಯ ಅದು.

ಲೀಹೈ_ರಸ್ತೆ:
ಮೂಲ ಪ್ರಶ್ನೆ ಹಾಗೇ ಉಳಿಯಿತು! 1938ರಿಂದ ಫಿಲೀಸ್ ಆಡುತ್ತಿದ್ದದ್ದು ಅಥ್ಲೆಟಿಕ್ಸ್‌ನ ಷೈಬ್ ಪಾರ್ಕ್‌ನಲ್ಲೇ. 1953ರಲ್ಲಿ ಅದಕ್ಕೆ ಕಾನಿ ಮ್ಯಾಕ್ ಸ್ಟೇಡಿಯಂ ಅಂತ ಹೆಸರಿಟ್ಟರು. 1955ಕ್ಕೆ ಅಥ್ಲೆಟಿಕ್ಸ್ ಕ್ಯಾನ್ಸಸ್ ಸಿಟಿಗೆ ಹೋಯಿತು, 1968ರಲ್ಲಿ ಓಕ್ಲಂಡ್‌ಗೆ. ಫಿಲೀಸ್ ಮಾತ್ರ 1970ರವರೆಗೂ ಅಲ್ಲೇ ಆಡಿದರು. ಹಾಗಾಗಿ ಮ್ಯಾಕ್ ಇಡೀ ಊರಿನವರು, ಬರೀ ಒಂದು ತಂಡದವರಲ್ಲ.

ಫಿಲ್ಲಿ_ಕನ್ನಡಿಗ:
ಎಲ್ಲರಿಗೂ ಥ್ಯಾಂಕ್ಸ್. ಎಮ್ಕಿ ಕಥೆ ಮಗಳಿಗೆ ಎರಡು ಸಲ ಹೇಳಬೇಕಾಯಿತು. ಆ ಹಳೇ ಮೈದಾನ ಈಗಲೂ ಇದೆಯಾ?

ಲೀಹೈ_ರಸ್ತೆ:
ಇಲ್ಲ, 1976ರಲ್ಲಿ ಕೆಡವಿದರು. 21ನೇ ಬೀದಿ, ಲೀಹೈ ಅವೆನ್ಯೂ ಮೂಲೆಯಲ್ಲಿ ಈಗ ದೊಡ್ಡ ಚರ್ಚ್ ಇದೆ.