ಸಹಾಯ ಬೇಕು: ಟ್ರಾನ್ಸ್‌ಪಾಂಡರ್ ಜೋಡಣೆಯಾದರೂ ಐಪ್ಯಾಡಿಗೆ ಹವಾಮಾನ ಬರುತ್ತಿಲ್ಲ

ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ಲಬ್ಬಿನ ಪುಟ್ಟ ವಿಮಾನ ಸೆಸ್ನಾ 172 ಹಾರಿಸುತ್ತೇನೆ. ಪ್ಯಾನೆಲ್‌ನಲ್ಲಿರುವ ಸುತ್ತಲಿನ ವಿಮಾನಗಳ ಮತ್ತು ಹವಾಮಾನದ ಮಾಹಿತಿಯನ್ನು ರೇಡಿಯೊದಲ್ಲಿ ಪಡೆಯುವ ಎಡಿಎಸ್-ಬಿ ಇನ್ ಟ್ರಾನ್ಸ್‌ಪಾಂಡರ್ ಬ್ಲೂಟೂತ್ ಮೂಲಕ ಐಪ್ಯಾಡಿನ ಫ್ಲೈಟ್ ಆ್ಯಪ್‌ಗೆ ಸಲೀಸಾಗಿ ಜೋಡಣೆಯಾಗುತ್ತದೆ. ಜಿಪಿಎಸ್ ಸ್ಥಾನ ಬರುತ್ತದೆ, 1090 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುವ ದೊಡ್ಡ ವಿಮಾನಗಳೂ ಕಾಣುತ್ತವೆ. ನೆಲದ ಪ್ರಸಾರ ಗೋಪುರಗಳಿಂದ 978 ಮೆಗಾಹರ್ಟ್ಸ್‌ನಲ್ಲಿ ಬರಬೇಕಾದ ಮಳೆಯ ರೇಡಾರ್ ಚಿತ್ರ ಮಾತ್ರ ಪತ್ತೆಯಿಲ್ಲ. ರನ್‌ವೇ ಬಳಿ ನಿಂತಾಗ ನೆಲದ ಗೋಪುರದ ಸಂಕೇತ ಸಿಗದಿರುವುದು ಸಹಜ. ಆದರೆ 4,000 ಅಡಿ ಎತ್ತರದಲ್ಲೂ ಆ್ಯಪ್ ತೋರಿಸುವ ಗೋಪುರಗಳ ಸಂಖ್ಯೆ ಸೊನ್ನೆ!

"ಆ್ಯಪ್ ಅಳಿಸಿ ಮತ್ತೆ ಹಾಕಿ" ಎಂಬ ಸಲಹೆ ದಯವಿಟ್ಟು ಬೇಡ, ಅದೆಲ್ಲ ಆಗಿದೆ. ಕ್ಲಬ್ಬಿನ ಇತರರ ಐಪ್ಯಾಡಿನಲ್ಲೂ ಇದೇ ಕಥೆ. ಹಾಗಾಗಿ ನನ್ನ ಅನುಮಾನ ಆ್ಯಂಟೆನಾ ಅಥವಾ ಟ್ರಾನ್ಸ್‌ಪಾಂಡರಿನ ಒಳಗಿನ ಸೆಟ್ಟಿಂಗ್ ಮೇಲೆ. ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಬಲ್ಲವರೇ, ವರ್ಕ್‌ಶಾಪಿನವರಿಗೆ ಮೊದಲು ಏನನ್ನು ಪರೀಕ್ಷಿಸಲು ಹೇಳಲಿ? ಅವರು ಬಿಲ್ ಮಾಡುವುದು ಗಂಟೆಯ ಲೆಕ್ಕದಲ್ಲಿ.